ರೋಡಿ ಅಂದರೆ ರೌಡಿ ಅಲ್ಲ: ಬೀಟಲ್ಸ್ ಸಾಮಾನು ಹೊತ್ತ ಮ್ಯಾಲ್ ಇವಾನ್ಸ್ ಬಗ್ಗೆ ಗೊತ್ತಿರುವವರು ಬನ್ನಿ

ಹಳೇಕ್ಯಾಸೆಟ್
ಪೀಟರ್ ಜಾಕ್ಸನ್ 2021ರಲ್ಲಿ ಮಾಡಿದ ಬೀಟಲ್ಸ್ ಡಾಕ್ಯುಮೆಂಟರಿಯನ್ನು ನಿನ್ನೆ ಎರಡನೇ ಸಲ ನೋಡಿ ಮುಗಿಸಿದೆ. ಸುಮಾರು ಎಂಟು ಗಂಟೆ. ಮೊದಲ ಸಲ ಎಲ್ಲರ ಹಾಗೆ ಜಾನ್, ಪಾಲ್, ಜಾರ್ಜ್, ರಿಂಗೋ, ಆ ನಾಲ್ವರನ್ನೇ ನೋಡಿದ್ದೆ. ಈ ಸಲ ಕಣ್ಣು ಹೋಗಿದ್ದೆಲ್ಲ ಹಿಂದೆ ನಿಂತ ದಪ್ಪ ಕನ್ನಡಕದ ದೈತ್ಯನ ಕಡೆ. ಟೀ ಬೇಕಾ, ಅವನೇ. ಪಾಲ್ ಬಾಯಿಗೆ ಬಂದ ಸಾಲು ಬರೆದುಕೊಳ್ಳಬೇಕಾ, ಅವನೇ. ಕಮ್ಮಾರರು ಕಬ್ಬಿಣ ಬಡಿಯುವ ಅಡಿಗಲ್ಲು ಬೇಕು ಅಂದರೆ ಅದನ್ನೂ ಎಲ್ಲಿಂದಲೋ ತರಿಸುತ್ತಾನೆ. ಆಮೇಲೆ ಸುತ್ತಿಗೆ ಹಿಡಿದು ಅದನ್ನು ಬಡಿಯುವಾಗ ಅವನ ಮುಖ ನೋಡಬೇಕು, ಜಾತ್ರೆಯಲ್ಲಿ ಪೀಪಿ ಸಿಕ್ಕ ಮಗುವಿನ ಹಾಗೆ.

ಪಕ್ಕದಲ್ಲಿ ಕೂತಿದ್ದ ಅಮ್ಮ ಕೇಳಿದರು, "ಯಾರೋ ಅವನು, ಇಷ್ಟೆತ್ತರ?" ರೋಡಿ ಅಂದೆ. "ರೌಡಿನಾ? ನೋಡಿದರೆ ಪಾಪದವನ ಹಾಗಿದ್ದಾನೆ" ಅಂದರು. ಬ್ಯಾಂಡಿನ ಜೊತೆ ಊರೂರು ಸುತ್ತಿ ಸಾಮಾನು ನೋಡಿಕೊಳ್ಳುವವನು ರೋಡಿ ಅಂತ ಬಿಡಿಸಿ ಹೇಳಿದೆ.

ಇವನು ವರ್ಷಗಟ್ಟಲೆ ಡೈರಿ ಬರೆದಿದ್ದನಂತೆ, ನೆನಪುಗಳ ಪುಸ್ತಕವೂ ರೆಡಿಯಾಗಿತ್ತಂತೆ. ಬರುವ ಮೊದಲೇ ಸತ್ತನಂತೆ. ಗೊತ್ತಿರುವವರು ಹೇಳಿ. ನನ್ನ ಅನುಮಾನ ಒಂದೇ: ಆ ನಾಲ್ವರು ಇವನನ್ನು ಚೆನ್ನಾಗಿ ದುಡಿಸಿಕೊಂಡು ಕೈಬಿಟ್ಟರು.

ವಿನೈಲ್ ವೆಂಕಿ
ಮ್ಯಾಲ್ ಲಿವರ್‌ಪೂಲಿನವನು, ಹುಟ್ಟಿದ್ದು 1935. ಅಂಚೆ ಇಲಾಖೆಯಲ್ಲಿ ಟೆಲಿಫೋನ್ ಎಂಜಿನಿಯರ್. ಸರ್ಕಾರಿ ನೌಕರಿ, ಪೆನ್ಷನ್ ಖಾತ್ರಿ. ಮಧ್ಯಾಹ್ನ ಊಟದ ಹೊತ್ತಿಗೆ, ಬೀಟಲ್ಸ್ ಹಾಡುತ್ತಿದ್ದ ಕ್ಯಾವರ್ನ್ ಕ್ಲಬ್ಬಿಗೆ ಹಾಡು ಕೇಳಲು ಹೋಗುತ್ತಿದ್ದ. ಆಳು ಇಷ್ಟು ಎತ್ತರ ಇದ್ದಾನೆ, ಬಾಗಿಲಲ್ಲಿ ನಿಲ್ಲಿಸಿ ಅಂತ ಸಲಹೆ ಕೊಟ್ಟದ್ದು ಜಾರ್ಜ್ ಹ್ಯಾರಿಸನ್. 1963ರ ಆಗಸ್ಟಿನಲ್ಲಿ ನೌಕರಿ ಬಿಟ್ಟು ಪೂರ್ತಿ ಇವರ ಜೊತೆ ಸೇರಿದ. ಮನೆಯಲ್ಲಿ ಹೆಂಡತಿ, ಪುಟ್ಟ ಮಗ.

ಗಾಂಧಿಬಜಾರ್ ಗೊಂಬೆ
ಪರ್ಮನೆಂಟ್ ಕೆಲಸ ಬಿಟ್ಟು ಬ್ಯಾಂಡಿನ ಹಿಂದೆ ಹೋದನಾ! ನಮ್ಮ ಮನೆಯಲ್ಲಾಗಿದ್ದರೆ ಸೋದರಮಾವಂದಿರೆಲ್ಲ ಸೇರಿ ಪಂಚಾಯ್ತಿ ಮಾಡಿರುತ್ತಿದ್ದರು.

ನಾಲ್ಕನೇ ತಂತಿ
ಒಂದು ತಿದ್ದುಪಡಿ. ಮೊದಲ ರೋಡಿ ಮ್ಯಾಲ್ ಅಲ್ಲ, ನೀಲ್ ಆಸ್ಪಿನಾಲ್. ಪಾಲ್ ಮತ್ತು ಜಾರ್ಜ್ ಓದಿದ ಶಾಲೆಯಲ್ಲೇ ಓದಿದವನು, ಅಕೌಂಟೆನ್ಸಿ ಕಲಿಯುತ್ತಿದ್ದ. 80 ಪೌಂಡ್ ಕೊಟ್ಟು ಒಂದು ಹಳೇ ವ್ಯಾನ್ ತಗೊಂಡು ಇವರನ್ನು ಊರೂರು ಸುತ್ತಿಸಿದ. ಒಂದು ಕಾರ್ಯಕ್ರಮಕ್ಕೆ ತಲೆಗೆ ಐದು ಶಿಲ್ಲಿಂಗ್ ಬಾಡಿಗೆ. ಮುಂದೆ ಅದೇ ನೀಲ್ ಬೀಟಲ್ಸ್ ಕಂಪನಿ ಆ್ಯಪಲ್‌ನ ಮುಖ್ಯಸ್ಥನಾಗಿ 2007ರವರೆಗೆ ಇದ್ದ. ಹಾಗಾಗಿ ರೋಡಿಗಳನ್ನೆಲ್ಲ ಕೈಬಿಟ್ಟರು ಅನ್ನುವ ಮಾತು ಪೂರ್ತಿ ಸರಿಯಲ್ಲ.

ಹಳೇಕ್ಯಾಸೆಟ್
ಅದೇ ನನ್ನ ಪ್ರಶ್ನೆ ಸರ್. ಒಬ್ಬ ಕಂಪನಿ ಯಜಮಾನನಾದ, ಇನ್ನೊಬ್ಬನಿಗೆ ಏನೂ ಇಲ್ಲ. ಲೆಕ್ಕ ಗೊತ್ತಿದ್ದವನು ಉಳಿದ, ಮೈಬಗ್ಗಿಸಿದವನು ಹೋದ. ಎಲ್ಲ ಕಡೆ ಇದೇ ಕತೆ ಅಲ್ವಾ?

ವಿನೈಲ್ ವೆಂಕಿ
ವ್ಯಾನಿನ ಮಾತು ಬಂತು, ಗಾಜಿನ ಕತೆ ಹೇಳದೆ ಇದ್ದರೆ ಹೇಗೆ. 1963ರ ಜನವರಿ. ಮ್ಯಾಲ್ ಇನ್ನೂ ಕೆಲಸಕ್ಕೆ ಸೇರಿಲ್ಲ. ನೀಲ್‌ಗೆ ಜ್ವರ, ಹಾಗಾಗಿ ಬದಲಿ ಡ್ರೈವರ್ ಆಗಿ ಬಂದಿದ್ದಾನೆ. ಲಂಡನ್ನಿನಿಂದ ಲಿವರ್‌ಪೂಲ್ ಕಡೆ ರಾತ್ರಿ ಪ್ರಯಾಣ, ಕೊರೆಯುವ ಚಳಿ, ಮಂಜು. ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿತು, ಎದುರಿನ ದಾರಿ ಒಂದಿಷ್ಟೂ ಕಾಣುತ್ತಿಲ್ಲ. ಮ್ಯಾಲ್ ಮುಷ್ಟಿಯಿಂದ ಗುದ್ದಿ ಪೂರ್ತಿ ಗಾಜು ಒಡೆದು ಹಾಕಿದ. ಆಮೇಲೆ ಹಾಗೇ ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತ ಊರು ಮುಟ್ಟುವವರೆಗೂ ಗಾಡಿ ಓಡಿಸಿದ. ಹಿಂದೆ ನಾಲ್ವರೂ ಒಬ್ಬರ ಮೇಲೊಬ್ಬರು ಮಲಗಿ, ಒಂದು ವಿಸ್ಕಿ ಬಾಟಲಿ ಇಟ್ಟುಕೊಂಡು ಬಿಸಿ ಕಾಯಿಸಿಕೊಂಡರು. ಮೇಲಿದ್ದವನಿಗೆ ಚಳಿ ತಡೆಯಲಾಗದೆ ಇದ್ದರೆ ಕೆಳಕ್ಕೆ ಇಳಿಯುವುದು, ಕೆಳಗಿದ್ದವನು ಮೇಲಕ್ಕೆ. ಪಾಲ್ ಈ ಕತೆಯನ್ನು ಈಗಲೂ ಹೇಳುತ್ತಾರೆ.

ಡ್ರಮ್ ಸೀನ
ನಾಲ್ಕು ದೋಸೆ ಒಂದರ ಮೇಲೊಂದು 😄

ಕುಂದಾಪ್ರದಣ್ಣ
ಇದೆಲ್ಲ ನಮಗೆ ಹೊಸತಲ್ಲ ಮಾರಾಯ್ರೆ. ಯಕ್ಷಗಾನ ಮೇಳದಲ್ಲಿ ರಂಗಸ್ಥಳ ಕಟ್ಟುವವರು, ಪೆಟ್ಟಿಗೆ ಹೊರುವವರು ಇದನ್ನೇ ಮಾಡುವುದು. ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ದಿನಕ್ಕೊಂದು ಊರು. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಭಾಗವತರು ನಿದ್ದೆಗೆ ಹೋಗುತ್ತಾರೆ, ಇವರು ಕಂಬ ಕಿತ್ತು ಲಾರಿಗೆ ಹಾಕುತ್ತಾರೆ. ಇವರ ಹೆಸರು ಯಾವ ಕರಪತ್ರದಲ್ಲೂ ಇರುವುದಿಲ್ಲ.

ನಾಲ್ಕನೇ ತಂತಿ
ಹೋಲಿಕೆ ಅರ್ಧ ಸರಿ. ಮೇಳಕ್ಕೆ ಒಂದು ಕ್ರಮ ಇದೆ, ಯಾರು ಏನು ಮಾಡಬೇಕು ಅಂತ ತಲೆಮಾರುಗಳಿಂದ ಗೊತ್ತು. 1963ರಲ್ಲಿ ರಾಕ್ ಬ್ಯಾಂಡಿಗೆ ಅಂಥದ್ದೇನೂ ಇರಲಿಲ್ಲ. ಮ್ಯಾಲ್‌ಗೆ ರಿಂಗೋನ ಡ್ರಮ್ ಜೋಡಿಸಲು ಕೂಡ ಬರುತ್ತಿರಲಿಲ್ಲ. ಬಿಚ್ಚಿ, ಕಟ್ಟಿ, ಬೈಸಿಕೊಂಡು ಕಲಿತ. ಜಗತ್ತಿನ ಅತಿ ದೊಡ್ಡ ಬ್ಯಾಂಡಿನ ಸಾಮಾನು ನೋಡಿಕೊಳ್ಳಲು ಇದ್ದದ್ದು ಎರಡೇ ಜನ.

1965ರ ಆಗಸ್ಟ್ 15, ನ್ಯೂಯಾರ್ಕಿನ ಶೇ ಸ್ಟೇಡಿಯಂ. 55,600 ಜನ. ವೇದಿಕೆ ಮೇಲೆ 100 ವಾಟಿನ ವಾಕ್ಸ್ ಆಂಪ್ಲಿಫೈಯರ್‌ಗಳು. ಜನರಿಗೆ ಹಾಡು ಕೇಳಿಸಿದ್ದು ಬೇಸ್‌ಬಾಲ್ ಅನೌನ್ಸ್‌ಮೆಂಟಿಗೆ ಹಾಕಿದ್ದ ಸ್ಪೀಕರುಗಳಲ್ಲಿ. ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲ.

ಕೇಬಲ್ ಸುತ್ತೋನು
100 ವಾಟ್! ನಮ್ಮ ಏರಿಯಾದ ಗಣಪತಿ ಪೆಂಡಾಲಿನಲ್ಲೂ ಅದಕ್ಕಿಂತ ಜಾಸ್ತಿ ಇರುತ್ತೆ.

ಗಾಂಧಿಬಜಾರ್ ಗೊಂಬೆ
ಬೀಟಲ್ಸ್ ಬೆಂಗಳೂರಿಗೂ ಬಂದಿದ್ದರು ಅಂತ ನಮ್ಮ ಚಿಕ್ಕಪ್ಪ ಆಣೆ ಮಾಡಿ ಹೇಳುತ್ತಾರೆ.

ವಿನೈಲ್ ವೆಂಕಿ
ಚಿಕ್ಕಪ್ಪನಿಗೆ ನಮಸ್ಕಾರ ಹೇಳಿ, ಆದರೆ ಇಲ್ಲ. ಬ್ಯಾಂಡಾಗಿ ಅವರು ಭಾರತದಲ್ಲಿ ಕಾರ್ಯಕ್ರಮ ಕೊಟ್ಟೇ ಇಲ್ಲ. 1966ರ ಜುಲೈನಲ್ಲಿ ಮನಿಲಾದಿಂದ ವಾಪಸು ಹೋಗುವಾಗ ದೆಹಲಿಯಲ್ಲಿ ಇಳಿದಿದ್ದರು. ಜಾರ್ಜ್ ರಿಖಿರಾಮ್ ಅಂಗಡಿಯಲ್ಲಿ ಸಿತಾರ್ ಕೊಂಡದ್ದು ಆಗಲೇ. ಆಮೇಲೆ 1968ರ ಫೆಬ್ರವರಿಯಲ್ಲಿ ಋಷಿಕೇಶ. ಅಲ್ಲಿಗೂ ಲಗೇಜು ತಗೊಂಡು ಮೊದಲು ಬಂದಿಳಿದವನು ಮ್ಯಾಲ್. ರಿಂಗೋ ಒಂದು ಸೂಟ್‌ಕೇಸ್ ತುಂಬ ಡಬ್ಬಿ ಬೀನ್ಸ್ ತಂದಿದ್ದ, ಖಾರದ ಊಟ ಸೇರಲ್ಲ ಅಂತ. ಸುಮಾರು ಹತ್ತು ದಿನಕ್ಕೆ ಗಂಟುಮೂಟೆ ಕಟ್ಟಿದ.

ಮನಿಲಾದ್ದು ತಮಾಷೆಯ ಕತೆ ಅಲ್ಲ. ಫಿಲಿಪ್ಪೀನ್ಸ್ ಅಧ್ಯಕ್ಷರ ಹೆಂಡತಿ ಇಮೆಲ್ಡಾ ಮಾರ್ಕೋಸ್ ಅರಮನೆಗೆ ಕರೆದಿದ್ದಳು, ಇವರು ಹೋಗಲಿಲ್ಲ. ಮರುದಿನ ವಿಮಾನ ನಿಲ್ದಾಣದಲ್ಲಿ ಎಸ್ಕಲೇಟರ್ ಬಂದ್. ಸಾಮಾನು ಎಲ್ಲ ಇವರೇ ಹೊರಬೇಕು. ನೂಕಾಟ, ಒದೆತ. ಚೆನ್ನಾಗಿ ಒದೆ ತಿಂದವರಲ್ಲಿ ಮ್ಯಾಲ್ ಕೂಡ ಒಬ್ಬ. ಸಾಲದ್ದಕ್ಕೆ ವಿಮಾನ ಹತ್ತಿದ ಮೇಲೆ ಅವನನ್ನೂ ಪತ್ರಿಕಾ ಅಧಿಕಾರಿ ಟೋನಿ ಬ್ಯಾರೋನನ್ನೂ ಕೆಳಗಿಳಿಸಿ ವಾಪಸು ಕರೆದರು. ಇನ್ನು ಮನೆ ಮುಖ ನೋಡಲ್ಲ ಅಂತಲೇ ಅವನು ಅಂದುಕೊಂಡದ್ದು.

ಸತ್ಯವಾದಿ 420
ಏನು ಗುರು, ಮೂಟೆ ಹೊರುವವನನ್ನು ಇಷ್ಟು ಹೊಗಳೋದು? ಸಂಬಳ ಕೊಟ್ಟರು, ಕೆಲಸ ಮಾಡಿದ. ಇವನಿಲ್ಲದಿದ್ದರೆ ಬೇರೆ ಯಾರೋ ಹೊರುತ್ತಿದ್ದರು. ಹಾಡು ಬರೆದವನು ಇವನಾ?

ನಾಲ್ಕನೇ ತಂತಿ
ಅಲ್ಲೇ ಇರೋದು ವಿಷಯ. ಸ್ವಲ್ಪ ಬರೆದಿರಬಹುದು.

1967ರ ಜನವರಿಯ ಡೈರಿಯಲ್ಲಿ ಅವನು ಬರೆದುಕೊಂಡಿದ್ದಾನೆ, ಪಾಲ್ ಮನೆಯ ಮಹಡಿಯಲ್ಲಿ ಕೂತು ಇಬ್ಬರೂ ಹಾಡು ಕಟ್ಟಿದೆವು ಅಂತ. ಮಳೆ ನೀರು ಒಳಗೆ ಬರುವ ತೂತಿನ ಹಾಡು. ರೆಕಾರ್ಡಿನ ಮೇಲೆ ಅವನ ಹೆಸರಿಲ್ಲ. ಆ ರೆಕಾರ್ಡಿಗೆ 'ಸಾರ್ಜೆಂಟ್ ಪೆಪ್ಪರ್' ಅನ್ನೋ ಹೆಸರು ಹುಟ್ಟಿದ್ದು ಕೂಡ 1966ರ ನವೆಂಬರಿನಲ್ಲಿ ಕೀನ್ಯಾದಿಂದ ವಾಪಸು ಬರುವ ವಿಮಾನದಲ್ಲಿ, ಉಪ್ಪು ಮತ್ತು ಮೆಣಸು, 'ಸಾಲ್ಟ್ ಅಂಡ್ ಪೆಪ್ಪರ್' ಅಂತ ಮ್ಯಾಲ್ ಅಂದದ್ದು ಪಾಲ್ ಕಿವಿಗೆ ಬೇರೆ ಥರ ಕೇಳಿಸಿ ಅನ್ನುತ್ತಾರೆ.

ಅದೇ ರೆಕಾರ್ಡಿನ ಕೊನೇ ಹಾಡು 'ಅ ಡೇ ಇನ್ ದ ಲೈಫ್' ಹಾಕಿ ನೋಡಿ. ನಡುವೆ 24 ಬಾರ್, ಅಂದರೆ ತಾಳದ 24 ಸುತ್ತು, ಖಾಲಿ ಬಿಟ್ಟಿದ್ದರು, ಆರ್ಕೆಸ್ಟ್ರಾ ಆಮೇಲೆ ತುಂಬೋಣ ಅಂತ. ಆ ಖಾಲಿ ಜಾಗವನ್ನು ಒಂದು, ಎರಡು ಅಂತ ಎಣಿಸಿದ ದನಿ ಮ್ಯಾಲ್‌ದು. ಎಣಿಕೆ ಮುಗಿದಾಗ ಬಾರಿಸಿದ ಅಲಾರಂ ಗಡಿಯಾರ ಕೂಡ ಅವನು ಇಟ್ಟದ್ದು. ಅದು ರೆಕಾರ್ಡಿನಲ್ಲಿ ಹಾಗೇ ಉಳಿಯಿತು. ಕೊನೆಗೆ 40 ಸೆಕೆಂಡಿಗೂ ಜಾಸ್ತಿ ಗುಂಯ್ ಅನ್ನುವ ಪಿಯಾನೋ ಸ್ವರ ಇದೆಯಲ್ಲ, ಅದಕ್ಕೆ ಕೈ ಹಾಕಿದವರಲ್ಲಿ ಜಾನ್, ಪಾಲ್, ರಿಂಗೋ ಜೊತೆ ಮ್ಯಾಲ್ ಕೂಡ ಒಬ್ಬ. ಜಾರ್ಜ್ ಹ್ಯಾರಿಸನ್ ಅವತ್ತು ಅದರಲ್ಲಿ ಇರಲಿಲ್ಲ, ರೋಡಿ ಇದ್ದ!

ಡ್ರಮ್ ಸೀನ
ಈ 24 ಬಾರ್ ವಿಷಯ ಗೊತ್ತಿರಲಿಲ್ಲ. ಈಗ ಹೆಡ್‌ಫೋನ್ ಹಾಕಿ ಕೇಳಿದೆ. ಹಿಂದೆ ನಿಜವಾಗಲೂ ಎಣಿಸುತ್ತಿದ್ದಾನೆ! ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೀನಿ, ಒಂದು ಸಲವೂ ಗಮನಿಸಿರಲಿಲ್ಲ.

ಸತ್ಯವಾದಿ 420
ಎಣಿಸಿದ್ದಕ್ಕೆಲ್ಲ ರಾಯಲ್ಟಿ ಕೊಟ್ಟರೆ ನಮ್ಮ ಊರ ಬಸ್ ಕಂಡಕ್ಟರ್ ಕೋಟ್ಯಧಿಪತಿ.

ಗಾಂಧಿಬಜಾರ್ ಗೊಂಬೆ
ನಕ್ಕುಬಿಟ್ಟೆ, ಆದರೆ ನಿಮ್ಮ ಮಾತು ಒಪ್ಪಲ್ಲ.

ಟೇಪ್ ರೆಕಾರ್ಡರ್ ತಾತ
ಅಡಿಗಲ್ಲಿನ ಬಗ್ಗೆ ಒಂದು ಮಾತು. ಡಾಕ್ಯುಮೆಂಟರಿಯಲ್ಲಿ ಕಾಣುವುದು 1969ರ ಜನವರಿಯ ಅಭ್ಯಾಸ. ಅಲ್ಲಿ ಬಡಿಯುವುದು ಮ್ಯಾಲ್ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ 'ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್' ಅನ್ನೋ ಆ ಹಾಡನ್ನು ರೆಕಾರ್ಡ್ ಮಾಡಿದ್ದು ಅದೇ ವರ್ಷ ಜುಲೈನಲ್ಲಿ. ಅಲ್ಲಿ ಬಡಿದದ್ದು ರಿಂಗೋ ಅಂತಲೂ ಹೇಳುತ್ತಾರೆ. ಎರಡನ್ನೂ ಸೇರಿಸಿ ಕಲಸಬೇಡಿ ಮಕ್ಕಳೇ.

ಹಳೇಕ್ಯಾಸೆಟ್
ಸರಿ ತಾತ, ತಿದ್ದಿಕೊಂಡೆ. ಆದರೂ ಮ್ಯಾಲ್ ಬಡಿದದ್ದೇ ಚೆನ್ನಾಗಿದೆ.

ಕೇಬಲ್ ಸುತ್ತೋನು
ಸತ್ಯವಾದಿ ಅವರೇ, ಮೂಟೆ ಹೊರುವುದು ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐದಾರು ದೊಡ್ಡ ರಾಕ್ ಕಾರ್ಯಕ್ರಮಕ್ಕೆ ಲೋಕಲ್ ಕ್ರೂ ಆಗಿ ದುಡಿದವನು. ಯಾವ ಬ್ಯಾಂಡ್ ಅಂತ ಹೇಳಲ್ಲ. ಹೇಳಿದರೆ ನೀವು ಹಾಡುಗಾರ ಹೇಗಿದ್ದ ಅಂತ ಕೇಳುತ್ತೀರ, ನಾನು ಅವನನ್ನು ನೋಡಿದ್ದು ಹಿಂದಿನಿಂದ ಎರಡು ನಿಮಿಷ.

ಬೆಳಗ್ಗೆ ಐದಕ್ಕೆ ಲೋಡ್ ಇನ್, ಅಂದರೆ ಸಾಮಾನು ಇಳಿಸಿ ಒಳಗೆ ತರುವುದು. ಚಕ್ರ ಇರುವ ಕಪ್ಪು ಪೆಟ್ಟಿಗೆಗಳು, ಅವಕ್ಕೆ ಬಣ್ಣದ ಟೇಪು, ನಂಬರು. ಯಾವ ಬಣ್ಣ ವೇದಿಕೆಯ ಯಾವ ಬದಿ ಅಂತ ಮೊದಲೇ ಹೇಳಿರುತ್ತಾರೆ. ಮೊದಲ ದಿನ ನಾನು ಕೇಬಲನ್ನು ಅಭ್ಯಾಸದ ಪ್ರಕಾರ ಮೊಣಕೈಗೆ ಸುತ್ತುತ್ತಾ ಕೂತೆ. ಅವರ ಕಡೆಯ ಒಬ್ಬ ಬೋಳುತಲೆಯವನು ಓಡಿ ಬಂದು ಕೂಗಿದ. ಬೈದ ಅಂದುಕೊಂಡೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತೋರಿಸಿಕೊಟ್ಟ: ಒಂದು ಸುತ್ತು ಮೇಲಿನಿಂದ, ಮುಂದಿನದು ಒಳಗಿನಿಂದ ತಿರುಗಿಸಿ. ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ಮುರುಚಿಕೊಂಡು ಸಾಯುತ್ತದೆ. ಈ ಥರ ಸುತ್ತಿದರೆ ಎಸೆದ ಕೂಡಲೇ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಅವತ್ತಿನಿಂದ ಮನೆಯ ಬಟ್ಟೆ ಹಗ್ಗ ಕೂಡ ಹಾಗೇ ಸುತ್ತುವುದು. ಹೆಂಡತಿಗೆ ಸಿಟ್ಟು ಬರುತ್ತೆ.

ಕರೆಂಟಿನ ಅರ್ಥಿಂಗ್ ಸರಿ ಇಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವುದು ಒಂದು ಕಡೆ, ಗಿಟಾರ್ ಹಿಡಿದವನ ತುಟಿಗೆ ಮೈಕ್ ತಗುಲಿ ಶಾಕ್ ಹೊಡೆಯುವುದು ಇನ್ನೊಂದು ಕಡೆ. ಆ ಬೋಳುತಲೆಯವನು ಮೂರು ಸಲ ಮೀಟರ್ ಇಟ್ಟು ನೋಡಿದ ಮೇಲೇ ಜನರೇಟರಿಗೆ ಜೋಡಿಸಲು ಬಿಟ್ಟದ್ದು. ಹಾಡು ಮುಗಿದು ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ನಮ್ಮ ಲೋಡ್ ಔಟ್ ಶುರು. ಮೊದಲು ಇಳಿಸಬೇಕಾದದ್ದು ಲಾರಿಗೆ ಕೊನೆಯಲ್ಲಿ ಹತ್ತಬೇಕು. ಬೆಳಗಿನ ಜಾವ ನಾಲ್ಕಕ್ಕೆ ಮೇಖ್ರಿ ಸರ್ಕಲ್ ಹತ್ತಿರ ಟೀ ಕುಡಿದರೆ ಆ ದಿನ ಮುಗಿದ ಹಾಗೆ.

ಒಂದು ಸಲ ನಮ್ಮನ್ನು ಕರೆದುಕೊಂಡು ಹೋದ ಮೇಸ್ತ್ರಿ ಎರಡು ದಿನದ ಕೂಲಿಯಲ್ಲಿ ಒಂದು ದಿನದ್ದು ಮಾತ್ರ ಕೊಟ್ಟ. ಉಳಿದದ್ದು ಇವತ್ತಿಗೂ ಬರಬೇಕು. ಬ್ಯಾಂಡಿನವರಿಗೆ ಅದು ಗೊತ್ತೂ ಇಲ್ಲ.

ಕುಂದಾಪ್ರದಣ್ಣ
ನಿಮ್ಮ ಬರಹ ಓದಿ ಖುಷಿ ಆಯ್ತು. ಮೇಸ್ತ್ರಿಯದು ಓದಿ ಬೇಜಾರಾಯ್ತು.

ಮೆಟಲ್ ಮಂಜ
ಅಣ್ಣ, 2007ರ ಮಾರ್ಚ್ 17, ಐರನ್ ಮೇಡನ್! ನಾನು ಪಿಯುಸಿ ಪರೀಕ್ಷೆ ಇಟ್ಟುಕೊಂಡು ಓಡಿ ಬಂದಿದ್ದೆ. ನೀವು ಅವತ್ತು ಅಲ್ಲಿದ್ರಾ? 2009ರಲ್ಲಿ ಅವರು ಸ್ವಂತ ವಿಮಾನದಲ್ಲೇ ಬಂದಿದ್ದರು. ಹಾಡುಗಾರ ಬ್ರೂಸ್ ಡಿಕಿನ್ಸನ್ನೇ ಪೈಲಟ್. ಬೋಯಿಂಗ್ 757, ಅದರಲ್ಲೇ ಬ್ಯಾಂಡ್, ಕ್ರೂ, ಸಾಮಾನು ಎಲ್ಲ.

ಕೇಬಲ್ ಸುತ್ತೋನು
ಹೇಳಲ್ಲ ಅಂದೆನಲ್ಲ ತಮ್ಮಾ. ಪಾಸಾದೆಯಾ?

ಮೆಟಲ್ ಮಂಜ
ಕೆಮಿಸ್ಟ್ರಿ ಬಿಟ್ಟು ಎಲ್ಲ.

ಸತ್ಯವಾದಿ 420
ಸರಿ, ಮೂಟೆ ಅಂದದ್ದು ವಾಪಸು ತಗೊಂಡೆ. ಆದರೆ ಈ ದೊಡ್ಡ ಬ್ಯಾಂಡುಗಳ ಕೊಬ್ಬು ನೋಡಿ. ಒಂದು ಬ್ಯಾಂಡ್ ಬಟ್ಟಲಿನಲ್ಲಿ ಕಂದು ಬಣ್ಣದ ಚಾಕಲೇಟ್ ಗುಳಿಗೆ ಇರಬಾರದು ಅಂತ ಕರಾರಿನಲ್ಲೇ ಬರೆಸುತ್ತಿತ್ತಂತೆ. ಆರಿಸಿ ತೆಗೆಯೋದು ಪಾಪದ ಕೆಲಸದವರು ತಾನೇ?

ಕೇಬಲ್ ಸುತ್ತೋನು
ಅದು ವ್ಯಾನ್ ಹೇಲನ್. ಕೊಬ್ಬು ಅಲ್ಲ, ಅದೊಂದು ಪರೀಕ್ಷೆ. ಅವರ ವೇದಿಕೆ ಭಾರಿ ತೂಕದ್ದು. ಕರಾರಿನಲ್ಲಿ ಎಷ್ಟು ಭಾರ ತಡೆಯಬೇಕು, ಎಷ್ಟು ಕರೆಂಟ್ ಬೇಕು ಅಂತ ಪುಟಗಟ್ಟಲೆ ಇರುತ್ತಿತ್ತು. ಅದರ ನಡುವೆ ಈ ಎಂ ಅಂಡ್ ಎಂ ಚಾಕಲೇಟ್ ಗುಳಿಗೆಯ ವಿಷಯ. ಬಟ್ಟಲಿನಲ್ಲಿ ಕಂದು ಗುಳಿಗೆ ಕಂಡರೆ ಇಲ್ಲಿಯವರು ಕರಾರು ಓದಿಲ್ಲ ಅಂತ ಅರ್ಥ. ಆಗ ವೈರಿನಿಂದ ಹಿಡಿದು ಎಲ್ಲ ಮತ್ತೆ ನೋಡಬೇಕು. ಹಾಡುಗಾರ ಡೇವಿಡ್ ಲೀ ರಾತ್ ಅವರೇ ಹೇಳಿದ್ದು. ತಲೆ ಮೇಲೆ ಟನ್‌ಗಟ್ಟಲೆ ದೀಪ ನೇತುಹಾಕಿ ಕೆಳಗೆ ನಿಂತು ನೋಡಿ, ಆಗ ಆ ಗುಳಿಗೆ ನೀವೇ ಆರಿಸುತ್ತೀರ.

ಟೇಪ್ ರೆಕಾರ್ಡರ್ ತಾತ
ರೋಡಿಗಳ ಮಾತು ಬಂದಾಗ ನನಗೆ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ನೆನಪು. 1969ರ 'ಉಮ್ಮಗುಮ್ಮ' ರೆಕಾರ್ಡಿನ ಹಿಂಬದಿ ಹೊದಿಕೆಯಲ್ಲಿ ಬ್ಯಾಂಡಿನವರೇ ಇಲ್ಲ. ವಿಮಾನದ ರನ್‌ವೇ ಮೇಲೆ ಎಲ್ಲ ಸಾಮಾನು ಸಾಲಾಗಿ ಜೋಡಿಸಿ ಇಬ್ಬರು ರೋಡಿಗಳು ನಿಂತಿದ್ದಾರೆ, ಅಲನ್ ಸ್ಟೈಲ್ಸ್ ಮತ್ತು ಪೀಟರ್ ವಾಟ್ಸ್. ಮುಂದೆ 1973ರ 'ಡಾರ್ಕ್ ಸೈಡ್ ಆಫ್ ದ ಮೂನ್' ರೆಕಾರ್ಡಿನಲ್ಲಿ ಹುಚ್ಚನ ಹಾಗೆ ನಗುವ ದನಿ ಕೇಳುತ್ತದಲ್ಲ, ಅದು ಈ ಪೀಟರ್ ವಾಟ್ಸ್. ನಟಿ ನವೋಮಿ ವಾಟ್ಸ್ ಅವನ ಮಗಳು. ಅವನೂ ಸತ್ತದ್ದು 1976ರಲ್ಲೇ, ಮ್ಯಾಲ್ ಸತ್ತ ವರ್ಷ.

ಡ್ರಮ್ ಸೀನ
ಮೋಟರ್‌ಹೆಡ್‌ನ ಲೆಮ್ಮಿ ಮೊದಲು ಜಿಮಿ ಹೆಂಡ್ರಿಕ್ಸ್‌ಗೆ ರೋಡಿ. ಒಯಾಸಿಸ್‌ನ ನೋಯೆಲ್ ಗ್ಯಾಲಗರ್ ಕೂಡ ಇನ್ನೊಂದು ಬ್ಯಾಂಡಿಗೆ ರೋಡಿ. ಕೇಬಲಣ್ಣ, ನಿಮಗೂ ಟೈಮ್ ಇದೆ.

ಹಳೇಕ್ಯಾಸೆಟ್
ವಿಷಯ ಎಲ್ಲೆಲ್ಲೋ ಹೋಯಿತು, ಪರವಾಗಿಲ್ಲ. ಮ್ಯಾಲ್‌ಗೆ ಕೊನೆಗೆ ಏನಾಯಿತು? ದುಡ್ಡಿನ ವಿಷಯ ಯಾರಾದರೂ ಹೇಳಿ.

ವಿನೈಲ್ ವೆಂಕಿ
ವಾರಕ್ಕೆ 38 ಪೌಂಡ್ ಸಂಬಳ. 1969ರ ಡೈರಿಯಲ್ಲಿ ಅವನೇ ಬರೆದಿದ್ದಾನೆ, ಕೈಯಲ್ಲಿ ಕಾಸಿಲ್ಲ, ಬಿಲ್ಲುಗಳು ಬರ್ತಾ ಇವೆ, ಜಾರ್ಜ್ ಹತ್ತಿರ ಹೇಳಿಕೊಳ್ಳಬೇಕಾಯಿತು ಅಂತ. ಸಂಬಳ ಜಾಸ್ತಿ ಕೇಳಲು ಮನಸ್ಸಿಲ್ಲ, ಯಾಕೆಂದರೆ ಹುಡುಗರಿಗೇ ಈಗ ಕಷ್ಟ ಅಂತಾನೂ ಬರೆದಿದ್ದಾನೆ! ಆ ಕಷ್ಟದ ಹುಡುಗರು ಯಾರು ಅಂತ ನೆನಪಿರಲಿ.

ಅದೇ ವರ್ಷ ಜನವರಿ 30ಕ್ಕೆ ಲಂಡನ್ನಿನ ಮಹಡಿ ಮೇಲೆ ಕೊನೇ ಸಲ ಜನರೆದುರು ಹಾಡಿದಾಗ, ಪೊಲೀಸರನ್ನು ಕೆಳಗೆ ಮಾತಾಡಿಸಿ ಸಾಧ್ಯವಾದಷ್ಟು ಹೊತ್ತು ತಡೆದವರಲ್ಲಿ ಇವನೂ ಒಬ್ಬ. ಕೊನೆಗೆ ಬೇರೆ ದಾರಿ ಇಲ್ಲದೆ ಜಾರ್ಜ್‌ನ ಆಂಪ್ಲಿಫೈಯರ್ ಆಫ್ ಮಾಡಿದ. ಜಾರ್ಜ್ ತಿರುಗಿ ಆನ್ ಮಾಡಿದ.

ನಾಲ್ಕನೇ ತಂತಿ
ಬ್ಯಾಂಡ್ ಒಡೆದ ಮೇಲೆ ಹೆಂಡತಿ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಲಾಸ್ ಏಂಜಲೀಸಿಗೆ ಹೋದ. ಬ್ಯಾಡ್‌ಫಿಂಗರ್ ಬ್ಯಾಂಡಿನ ಒಂದು ಹಿಟ್ ಹಾಡು ನಿರ್ಮಿಸಿದ್ದು ಇವನೇ, ಆದರೆ ಆ ದಾರಿ ಮುಂದೆ ಹೋಗಲಿಲ್ಲ. ನೆನಪುಗಳ ಪುಸ್ತಕ ಬರೆದ. ಹಸ್ತಪ್ರತಿ ಪ್ರಕಾಶಕರಿಗೆ ಕೊಡುವ ದಿನ ಹತ್ತಿರ ಬಂದಿತ್ತು. 1976ರ ಜನವರಿ 5, ಮನಸ್ಸು ಪೂರ್ತಿ ಕುಸಿದಿತ್ತು, ಬಾಡಿಗೆ ಮನೆಯಲ್ಲಿ ರೈಫಲ್ ಹಿಡಿದು ಕೂತಿದ್ದ. ಪೊಲೀಸರು ಬಂದರು, ಕೆಳಗಿಡು ಅಂದರು, ಇಡಲಿಲ್ಲ. ಗುಂಡು ಹಾರಿಸಿದರು. ವಯಸ್ಸು 40.

ಅಸ್ಥಿಯನ್ನು ಇಂಗ್ಲೆಂಡಿಗೆ ಅಂಚೆಯಲ್ಲಿ ಕಳಿಸಿದರು. ಅದು ಸ್ವಲ್ಪ ಕಾಲ ದಾರಿಯಲ್ಲಿ ಕಳೆದುಹೋಗಿತ್ತು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನದ್ದು.

ಗಾಂಧಿಬಜಾರ್ ಗೊಂಬೆ
ಅಯ್ಯೋ.

ನಾಲ್ಕನೇ ತಂತಿ
ಡೈರಿ, ಹಸ್ತಪ್ರತಿ, ಫೋಟೋಗಳು ನ್ಯೂಯಾರ್ಕಿನ ಪ್ರಕಾಶಕರ ನೆಲಮಾಳಿಗೆಯಲ್ಲಿ ಬಿದ್ದಿದ್ದವು. 1988ರಲ್ಲಿ ಸಿಕ್ಕವು. ಜಾನ್ ಲೆನನ್ ಹೆಂಡತಿ ಯೋಕೋ ಓನೋ ಮಧ್ಯೆ ಬಂದು ಮನೆಯವರಿಗೆ ತಲುಪುವ ಹಾಗೆ ಮಾಡಿದರು. ಅದರ ಆಧಾರದ ಮೇಲೆ 2023ರಲ್ಲಿ ಜೀವನಚರಿತ್ರೆ ಬಂತು.

ಮೂಲ ಪ್ರಶ್ನೆಗೆ ನನ್ನ ಉತ್ತರ: ದುಡಿಸಿಕೊಂಡರು, ಹೌದು. ಆದರೆ ಹೋಗು ಅಂತ ಯಾರೂ ಹೇಳಲಿಲ್ಲ. ಇವನಿಗೇ ಹೋಗಲು ಬರಲಿಲ್ಲ.

ಹಳೇಕ್ಯಾಸೆಟ್
ಕೊನೇ ಸಾಲು ಒಪ್ಪುವುದು ಕಷ್ಟ. ಬಾಗಿಲು ತೆರೆದಿದೆ ಅನ್ನೋದು ಸಂಬಳ ಕೊಡುವವರ ಮಾತು. ಆದರೆ ನಾಳೆ ಇನ್ನೊಂದು ಸಲ ಯೋಚನೆ ಮಾಡುತ್ತೇನೆ.

ಟೇಪ್ ರೆಕಾರ್ಡರ್ ತಾತ
2018ರಲ್ಲಿ ಹಳೇ ಟೇಪುಗಳನ್ನು ಹೊರತಂದರಲ್ಲ, ಅದರಲ್ಲಿ 'ಲೆಟ್ ಇಟ್ ಬಿ'ಯ 1968ರ ಒಂದು ತುಣುಕು ಇದೆ. ಎಲ್ಲರಿಗೂ ಗೊತ್ತಿರುವ ಮದರ್ ಮೇರಿ ಜಾಗದಲ್ಲಿ ಪಾಲ್ ಹಾಡುವುದು ಬ್ರದರ್ ಮ್ಯಾಲ್ಕಮ್ ಅಂತ. ಮ್ಯಾಲ್‌ನ ಪೂರ್ತಿ ಹೆಸರು ಮ್ಯಾಲ್ಕಮ್.

ಸತ್ಯವಾದಿ 420
ಆಮೇಲೆ ಅದನ್ನೂ ತೆಗೆದುಹಾಕಿದ್ರಾ?!

ವಿನೈಲ್ ವೆಂಕಿ
ನೋಡಿ, ಈಗ ಯಾರು ಮ್ಯಾಲ್ ಪರ ಮಾತಾಡ್ತಾ ಇರೋದು 😄 ನಿಮಗೆ ಇನ್ನೊಂದು. 1963ರ ಡಿಸೆಂಬರಿನಲ್ಲಿ ಜಾನ್ ಲೆನನ್‌ನ ಗಿಬ್ಸನ್ ಗಿಟಾರ್ ಕಳೆದುಹೋಯಿತು, ಲಂಡನ್ನಿನ ಕ್ರಿಸ್‌ಮಸ್ ಕಾರ್ಯಕ್ರಮದ ಹೊತ್ತಿಗೆ. ನೋಡಿಕೊಳ್ಳಬೇಕಾದವನು ಮ್ಯಾಲ್. ಅವನಿಗೆ ಅದು ಸಾಯುವ ತನಕ ಸಿಗಲಿಲ್ಲ. ಅಮೆರಿಕದಲ್ಲಿ ಒಬ್ಬರು 1960ರ ದಶಕದ ಕೊನೆಯಲ್ಲಿ ಅದನ್ನು 175 ಡಾಲರಿಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು, ಯಾರದ್ದು ಅಂತ ಗೊತ್ತಿಲ್ಲದೆ. 2015ರ ಹರಾಜಿನಲ್ಲಿ 24 ಲಕ್ಷ ಡಾಲರಿಗೆ ಹೋಯಿತು.

ಕೇಬಲ್ ಸುತ್ತೋನು
ಪೆಟ್ಟಿಗೆಗೆ ಬಣ್ಣದ ಟೇಪು, ನಂಬರು ಹಾಕೋದು ಇದಕ್ಕೇ ಸ್ವಾಮಿ. ಸರಿ, ನಾನು ಹೊರಟೆ. ನಾಳೆ ತುಮಕೂರಿನಲ್ಲಿ ಮದುವೆ ಆರ್ಕೆಸ್ಟ್ರಾ, ಐದು ಗಂಟೆಗೆ ಗಾಡಿ ಬರುತ್ತೆ.